ಮನೆಯ ಮೊದಲ ಕೌದಿ

ಅನ್ನ, ಅರಿವೆ, ಆಸರೆ ಈ ಮೂರೂ ಮನುಷ್ಯನ ಬಾಳಿಗೆ ಅವಶ್ಯವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅನ್ನದ ಮಹಿಮೆಯನ್ನು ಸಾರುವ ಬರಹಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆಸರೆಯ ವಿಷಯವಾಗಿ ವಾಸ್ತುಶಾಸ್ತ್ರವೆಂಬ ಶಾಸ್ತ್ರವೇ ಬೆಳೆದು ನಿಂತಿದೆ. ಅರಿವೆಯ ಸಂಗತಿಯಲ್ಲಿ ಮಾತ್ರ ಹೊಸತನ್ನು ಉಡುವ ಸಂಭ್ರಮವನ್ನು ಹೇಳಿ ನಾವು ಸುಮ್ಮನಾಗುತ್ತೇವೆ. ಉಟ್ಟು ಹಳತಾದ ಅರಿವೆಯ ಮುಂದಿನ ಗತಿಯೇನೆಂದು ವಿಚಾರಿಸುವವರು ವಿರಳ. ಉತ್ತರ ಕರ್ನಾಟಕದ ಮನೆಗಳು ತಲೆಮಾರುಗಳಿಂದ ಆ ಪ್ರಶ್ನೆಗೆ ಕೊಟ್ಟುಕೊಂಡು ಬಂದ ಉತ್ತರವೇ ಕೌದಿ.

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಷಟ್ಪದಿಯ ಲಕ್ಷಣವನ್ನೋ ಶಬ್ದಮಣಿದರ್ಪಣದ ಯಾವುದಾದರೊಂದು ಸೂತ್ರದ ವಿವೇಚನೆಯನ್ನೋ ಅವರು ನನ್ನಿಂದ ನಿರೀಕ್ಷಿಸಿರಬೇಕು. ವ್ಯಾಕರಣ ಬೋಧಿಸುವವನು ಸೂಜಿದಾರದ ಮಾತಿಗೆ ಇಳಿದುದು ಹೇಗೆಂದು ಓದುಗರು ನಗಬಹುದು. ಅದಕ್ಕೆ ಎರಡು ಕಾರಣಗಳುಂಟು. ಕೌದಿ ಹೊಲಿಯುವ ಬಗೆಯನ್ನು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ, ಕಲಿತದ್ದನ್ನು ಬರೆದಿಡುವವರು ಕಡಿಮೆ ಎಂಬುದು ಮೊದಲನೆಯದು. ಎರಡನೆಯದು, ನಾನು ತೀರಿಸದೆ ಉಳಿಸಿಕೊಂಡಿರುವ ಒಂದು ಋಣ. ಅದನ್ನು ಲೇಖನದ ಕೊನೆಯಲ್ಲಿ ನಿವೇದಿಸುವೆನು. ಮೊದಲು ವಿಷಯಕ್ಕೆ ಬರೋಣ.

ನಮ್ಮ ತಾಯಿಯವರು 2019ರಲ್ಲಿ ಲಿಂಗೈಕ್ಯರಾದರು. ಅವರ ಟ್ರಂಕಿನಲ್ಲಿ ಏಳು ಸೀರೆಗಳೂ ನಮ್ಮ ತಂದೆಯವರ ಎರಡು ಧೋತರಗಳೂ ಇದ್ದವು. ಯಾರಿಗೂ ಉಡಲು ಬಾರದಷ್ಟು ಹಳೆಯವು, ಆದರೂ ಎಸೆಯಲು ಯಾರಿಗೂ ಮನಸ್ಸಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಶಾಲೆಗಳೆಲ್ಲ ಮುಚ್ಚಿದ್ದಾಗ, ನನ್ನ ಹಿರಿಯಕ್ಕ ನಮ್ಮ ಮನೆಯಲ್ಲಿಯೇ ಉಳಿಯಬೇಕಾಯಿತು. ಬಾಲ್ಯದಲ್ಲಿ ತಾಯಿಯ ಪಕ್ಕದಲ್ಲಿ ಕುಳಿತು ಕೌದಿ ಹೊಲಿದವರು ನಮ್ಮ ಮನೆತನದಲ್ಲಿ ಅವರೊಬ್ಬರೇ ಉಳಿದಿದ್ದರು. "ಅಕ್ಕಾ, ನನಗೂ ಕಲಿಸು" ಎಂದು ನಾನು ಕೇಳಿದೆ. "ಏನೋ ತಮ್ಮಾ, ಪುಸ್ತಕಾ ಹಿಡಿಯೋ ಕೈಗೆ ಸೂಜಿ ಹಿಡಿಯೂದು ಬರ್ತೈತೇನು?" ಎಂದು ಅವರು ನಕ್ಕರಾದರೂ ಮರುದಿನವೇ ಪಡಸಾಲೆಯನ್ನು ಗುಡಿಸಿ ಚಾಪೆ ಹಾಸಿದರು. ಮುಂದೆ ಹೇಳುವುದೆಲ್ಲವೂ ಅಂದು ಅವರಿಂದ ಕಲಿತದ್ದು, ನನ್ನ ಕೈಯಿಂದ ತಪ್ಪಿ ತಿದ್ದಿಕೊಂಡದ್ದು.

ಹೆಸರು ಮತ್ತು ಹರಹು

ಹಳೆಯ ಅರಿವೆಯ ಪದರಗಳನ್ನು ಒಂದರ ಮೇಲೊಂದು ಹಾಸಿ, ಉದ್ದಕ್ಕೂ ಸಾಲುಹೊಲಿಗೆ ಹಾಕಿ ಒಂದಾಗಿಸಿದ ಹೊದಿಕೆಯೇ ಕೌದಿ. ಇದು ಹಾಸಲಿಕ್ಕೂ ಆಗುತ್ತದೆ, ಹೊದೆಯಲಿಕ್ಕೂ ಆಗುತ್ತದೆ. ಭಾರತ ಉಪಖಂಡದ ಬೇರೆ ಬೇರೆ ಭಾಗಗಳಲ್ಲಿ ಇದರ ಬಂಧುಗಳು ಬೇರೆ ಬೇರೆ ಹೆಸರುಗಳಿಂದ ಬಾಳುತ್ತಿವೆ. ಮಹಾರಾಷ್ಟ್ರದಲ್ಲಿ ಇದು ಗೋಧಡಿ, ಸಿಂಧ್ ಮತ್ತು ರಾಜಸ್ಥಾನದ ಕಡೆ ರಲ್ಲಿ, ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ. ಬಂಗಾಳದ ಹೆಣ್ಣುಮಕ್ಕಳು ಸೀರೆಯ ಅಂಚಿನಿಂದಲೇ ಬಣ್ಣದ ಎಳೆಗಳನ್ನು ಬಿಡಿಸಿಕೊಂಡು ಅವುಗಳಿಂದ ಹೊಲಿಯುವ ವಾಡಿಕೆಯಿತ್ತು. ಸುಜನಿಗೆ 2006ರಲ್ಲಿಯೂ ಪಶ್ಚಿಮ ಬಂಗಾಳದ ನಕ್ಷಿ ಕಾಂಥಾಕ್ಕೆ 2008ರಲ್ಲಿಯೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

ನಮ್ಮ ನಾಡಿನಲ್ಲಿಯೂ ಇದು ಒಂದೇ ಬಗೆಯದಲ್ಲ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳಲ್ಲಿ ನೆಲೆಸಿರುವ ಸಿದ್ದಿ ಜನಾಂಗದವರ ಪೂರ್ವಜರು ಆಫ್ರಿಕಾ ಖಂಡದಿಂದ ಬಂದವರು. ಅವರ ಹೆಣ್ಣುಮಕ್ಕಳು ಹೊಲಿಯುವ ಕವಂದಿಯಲ್ಲಿ ಬಣ್ಣದ ತೇಪೆಗಳು ಒಂದು ಮೂಲೆಯಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವನ್ನು ಮುಟ್ಟುತ್ತವೆ. ನಾಲ್ಕು ಮೂಲೆಗಳಿಗೂ ಮಡಿಸಿದ ಮುಕ್ಕೋನ ಅರಿವೆಯ ಹೂವನ್ನಿಟ್ಟು ಹೊಲಿಯುವುದು ಅದರ ವಿಶೇಷ. ಬಯಲುಸೀಮೆಯಲ್ಲಿ ಮನೆಯ ಹೆಂಗಸರು ತಾವೇ ಹೊಲಿಯುವುದಲ್ಲದೆ, ಊರಿಂದೂರಿಗೆ ಹೋಗಿ ಹೊಲಿದುಕೊಡುವ ಗೊಂದಲಿಗರ ಹೆಣ್ಣುಮಕ್ಕಳೂ ಈ ವಿದ್ಯೆಯನ್ನು ಕಾಪಾಡಿಕೊಂಡು ಬಂದಿದ್ದಾರೆ.

ಸಂಸ್ಕೃತದಲ್ಲಿ ಕಂಥಾ ಎಂದರೆ ತೇಪೆಹಾಕಿದ ಹೊದಿಕೆ. ಭರ್ತೃಹರಿಯ ವೈರಾಗ್ಯಶತಕದಲ್ಲಿ ಅದು ಎಲ್ಲವನ್ನೂ ತೊರೆದವನ ಆಸ್ತಿಯಾಗಿ ಬರುತ್ತದೆ. ಗ್ರಂಥಗಳಲ್ಲಿ ವೈರಾಗ್ಯಕ್ಕೆ ಗುರುತಾದ ಈ ವಸ್ತುವು ನಮ್ಮ ಮನೆಗಳಲ್ಲಿ ಮಮತೆಯ ಗುರುತಾದುದು ಸ್ವಾರಸ್ಯದ ಸಂಗತಿ. ವಿರಕ್ತನು ಲೋಕವು ಎಸೆದ ಚೂರುಗಳನ್ನು ಆಯ್ದು ಹೊದೆಯುತ್ತಾನೆ; ಗೃಹಿಣಿಯು ತನ್ನವರು ಉಟ್ಟದ್ದನ್ನು ಎಸೆಯಲಾರದೆ ಹೊಲಿಯುತ್ತಾಳೆ. ಸೂಜಿ ಮಾತ್ರ ಇಬ್ಬರದೂ ಒಂದೇ.

ಅರಿವೆಯ ಆಯ್ಕೆ

ಮೊದಲ ಸಲ ಹೊಲಿಯುವವರು ಅಂಗಡಿಗೆ ಹೋಗಿ ಹೊಸ ಬಟ್ಟೆ ತರುವ ಆಸೆಗೆ ಬೀಳಬಾರದು. ಹೊಸ ಅರಿವೆಯಲ್ಲಿ ಗಂಜಿಯಿರುತ್ತದೆ. ಸೂಜಿ ಸಲೀಸಾಗಿ ಇಳಿಯುವುದಿಲ್ಲ. ನೀರು ಕಂಡ ಕೂಡಲೆ ಅದು ಕುಗ್ಗುತ್ತದೆ. ಹಳೆಯ ಸೀರೆಯಾದರೋ ನೂರಾರು ಸಲ ಒಗೆತಕ್ಕೆ ಸಿಕ್ಕಿ, ಕುಗ್ಗುವಷ್ಟು ಕುಗ್ಗಿ, ಎಳೆಗಳು ಮೆತ್ತಗಾಗಿ ಸಿದ್ಧವಾಗಿರುತ್ತದೆ. ಹೊಸದನ್ನೂ ಹಳೆಯದನ್ನೂ ಕೂಡಿಸಿ ಹೊಲಿದರೆ ಮೊದಲ ಒಗೆತದಲ್ಲಿಯೇ ಹೊಸದು ಕುಗ್ಗಿ ಹಳೆಯದನ್ನು ಎಳೆದು ಕೌದಿಯ ಮೈಯೆಲ್ಲ ಗಂಟುಗಂಟಾಗುತ್ತದೆ. ಅನಿವಾರ್ಯವಾಗಿ ಹೊಸ ಅರಿವೆಯನ್ನು ಸೇರಿಸಬೇಕಾದರೆ ಅದನ್ನು ಎರಡು ಮೂರು ಸಲ ನೆನೆಸಿ ಒಗೆದು ಒಣಗಿಸಿಕೊಳ್ಳಬೇಕು.

ಹತ್ತಿಯ ಅರಿವೆಯೇ ಲೇಸು. ಪಾಲಿಯೆಸ್ಟರ್ ಸೀರೆ ಗಟ್ಟಿ, ಬಣ್ಣಗೆಡದು ಎಂಬುದು ನಿಜ. ಆದರೆ ಅದು ಬೆವರನ್ನು ಹೀರುವುದಿಲ್ಲ, ಪದರಗಳ ನಡುವೆ ಜಾರುತ್ತದೆ, ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಆರಿಸಿದ ಅರಿವೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಸೀರೆಯಲ್ಲಿ ಕುಳಿತುಕೊಳ್ಳುವ ಭಾಗ ಮೊದಲು ಸವೆಯುತ್ತದೆ. ಅಂಚಿನ ಕಡೆ ಗಟ್ಟಿಯಾಗಿರುತ್ತದೆ. ಸವೆದುದು ಒಳಪದರಕ್ಕೆ, ಗಟ್ಟಿಯಾದುದು ಕೆಳಕ್ಕೂ ಮೇಲಕ್ಕೂ ಎಂಬುದು ಅಕ್ಕನವರ ಸೂತ್ರ. ಬೆರಳಿನಿಂದ ಜಗ್ಗಿದರೆ ಹರಿಯುವಷ್ಟು ಸವೆದುದು ಒಳಗೂ ಬೇಡ.

ಬಣ್ಣದ ಪರೀಕ್ಷೆಯನ್ನು ಮರೆಯಲಾಗದು. ಪ್ರತಿಯೊಂದು ಬಣ್ಣದ ತುಂಡನ್ನೂ ಒದ್ದೆಮಾಡಿ ಬಿಳಿಯ ಅರಿವೆಯ ಮೇಲಿಟ್ಟು ಒತ್ತಿ ನೋಡಬೇಕು. ಕಲೆಯಾದರೆ ಆ ತುಂಡನ್ನು ಉಪ್ಪುನೀರಿನಲ್ಲಿ ನೆನೆಸಿ ಬಣ್ಣ ಬಿಡುವುದು ನಿಲ್ಲುವ ತನಕ ಒಗೆಯಬೇಕು, ನಿಲ್ಲದಿದ್ದರೆ ಕೈಬಿಡಬೇಕು. ಈ ಮಾತನ್ನು ಅಕ್ಕ ನನಗೆ ಹೇಳಿದ್ದರು. ನಾನು ಎಲ್ಲ ತುಂಡುಗಳನ್ನೂ ಪರೀಕ್ಷಿಸಿ, ತಾಯಿಯವರ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡೊಂದನ್ನು ಮಾತ್ರ ಪರೀಕ್ಷಿಸದೆ ಬಿಟ್ಟೆ. ಅಷ್ಟು ವರ್ಷ ಒಗೆದ ಸೀರೆ ಇನ್ನೇನು ಬಣ್ಣ ಬಿಟ್ಟೀತು ಎಂಬ ಉದಾಸೀನ. ಅದರ ಫಲವನ್ನು ಮುಂದೆ ಹೇಳುತ್ತೇನೆ.

ಅಳತೆ

ಮೊದಲ ಕೌದಿ ಚಿಕ್ಕದಾಗಿರಬೇಕು. ದೊಡ್ಡವರ ಹೊದಿಕೆಗೆ ಕೈಹಾಕಿ ಅರ್ಧಕ್ಕೆ ಬಿಟ್ಟು ಅಟ್ಟಕ್ಕೆ ಹಾಕುವುದಕ್ಕಿಂತ ಮಗುವಿನ ಹೊದಿಕೆಯನ್ನು ಪೂರ್ತಿಮಾಡುವುದು ಮೇಲು. ಆಗ ಮೂರು ವರ್ಷದವಳಾಗಿದ್ದ ನನ್ನ ಮಗಳ ಮಗಳಿಗಾಗಿ ಎರಡು ಮೊಳ ಅಗಲ, ಮೂರು ಮೊಳ ಉದ್ದದ ಕೌದಿಯನ್ನು ಹೊಲಿಯುವುದೆಂದು ನಿಶ್ಚಯಿಸಿದೆವು. ಮೊಳಕ್ಕೆ 18 ಅಂಗುಲವೆಂದು ಹಿಡಿದರೆ ಇದು 36 ಅಂಗುಲಕ್ಕೆ 54 ಅಂಗುಲ.

ನಾವು ಹಿಡಿದ ಸೀರೆ 8 ಗಜದ್ದು, ಎಂದರೆ 288 ಅಂಗುಲ ಉದ್ದ. ಅಗಲ 46 ಅಂಗುಲ. ಇಳಕಲ್ ಸೀರೆಯಲ್ಲಿ ಒಡಲು ಹಾಗೂ ಸೆರಗಿನ ಹಾಸುನೂಲುಗಳು ಬೇರೆ ಬೇರೆ. ಅವನ್ನು ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಸೆರಗಿನ ನೂಲು ನುಣುಪಾದುದರಿಂದ ಅದನ್ನು ಪದರಕ್ಕೆ ಬಳಸದೆ ಬೇರೆಯಾಗಿ ತೆಗೆದಿಡಬೇಕು. ಉಳಿದ ಒಡಲಿನಲ್ಲಿ ತಳಪದರಕ್ಕೆ ಸುತ್ತಲೂ ಎರಡು ಅಂಗುಲ ಹೆಚ್ಚು ಬಿಟ್ಟು 40ಕ್ಕೆ 58 ಅಂಗುಲದ ಒಂದು ತುಂಡು, ಒಳಪದರಗಳಿಗೆ 36ಕ್ಕೆ 54 ಅಂಗುಲದ ಮೂರು ತುಂಡುಗಳು ದೊರೆಯುತ್ತವೆ. ಇವಿಷ್ಟಕ್ಕೆ 220 ಅಂಗುಲ ಉದ್ದ ಸಾಕು. ಪಕ್ಕದಲ್ಲಿ ಉಳಿಯುವ ಉದ್ದನೆಯ ಪಟ್ಟಿಗಳು ತೇಪೆಗೆ ಆಗುತ್ತವೆ. ಹೀಗೆ ಒಂದೇ ಸೀರೆಯಿಂದ ನಾಲ್ಕು ಪದರಗಳಾಗಿ, ಮೇಲಿನ ತೇಪೆಯ ಪದರ ಸೇರಿ ಐದಾಗುತ್ತದೆ. ಹೊಸಬರಿಗೆ ಐದಕ್ಕಿಂತ ಹೆಚ್ಚು ಬೇಡ. ಆರನೆಯ ಪದರ ಕೂಡಿದೊಡನೆ ಸೂಜಿ ಮೊಂಡಾಟ ಮಾಡತೊಡಗುತ್ತದೆ.

ಹಾಸುವ ಕ್ರಮ

ಕೌದಿಯ ಗುಣದೋಷಗಳೆಲ್ಲ ನಿರ್ಣಯವಾಗುವುದು ಹಾಸುವಾಗ. ನೆಲವನ್ನು ಒರೆಸಿ ಒಣಗಿಸಿ, ತಳಪದರವನ್ನು ಒಳಮೈ ಮೇಲಾಗುವಂತೆ ಹರಡಿ, ನಾಲ್ಕು ಮೂಲೆಗಳಿಗೂ ಭಾರವಿಡಬೇಕು. ನಾವು ನಾಲ್ಕು ಶಬ್ದಕೋಶಗಳನ್ನಿಟ್ಟೆವು. ಅನಂತರ ಅಂಗೈಯನ್ನು ತುಸು ಒದ್ದೆಮಾಡಿಕೊಂಡು ನಡುವಿನಿಂದ ಅಂಚಿನ ಕಡೆಗೆ ಸವರುತ್ತ ಸುಕ್ಕನ್ನು ಹೊರದೂಡಬೇಕು. ಒಂದು ಪದರ ಸಂಪೂರ್ಣ ಸಮನಾದ ಮೇಲೆಯೇ ಇನ್ನೊಂದು. ಒಳಗೆ ಉಳಿದ ಸುಕ್ಕನ್ನು ಮೇಲಿನ ಚಂದ ಮುಚ್ಚೀತೆಂದು ಭಾವಿಸುವುದು ಭ್ರಮೆ. ಹೊದೆದವನ ಬೆನ್ನಿಗೆ ಅದು ಗೊತ್ತಾಗುತ್ತದೆ.

ಪದರಗಳೆಲ್ಲ ಕೂಡಿದ ಮೇಲೆ ಕಚ್ಚಾ ಹೊಲಿಗೆ ಹಾಕಬೇಕು. ಮೂರು ನಾಲ್ಕು ಅಂಗುಲಕ್ಕೊಂದರಂತೆ ದೊಡ್ಡ ದೊಡ್ಡ ಹೊಲಿಗೆಗಳು. ಮೊದಲು ನಡುವೆ ಉದ್ದಕ್ಕೊಂದು ಅಡ್ಡಕ್ಕೊಂದು, ಅನಂತರ ಮೂಲೆಯಿಂದ ಮೂಲೆಗೆ, ಆಮೇಲೆ ಗೇಣಿಗೊಂದು ಸಾಲು. ಇದು ಕೊನೆಯಲ್ಲಿ ಬಿಚ್ಚಿ ತೆಗೆಯುವ ಹೊಲಿಗೆಯಾದುದರಿಂದ ಎದ್ದು ಕಾಣುವ ಬೇರೆ ಬಣ್ಣದ ದಾರ ಒಳ್ಳೆಯದು. ನಾಳೆ ಬಿಚ್ಚುವುದಕ್ಕೆ ಇಂದು ಏಕೆ ಹೊಲಿಯಬೇಕೆಂದು ನಾನು ವಾದಿಸಿದೆ. ಅಕ್ಕ ಪ್ರತ್ಯುತ್ತರ ಕೊಡದೆ ಒಂದು ಮೂಲೆಯನ್ನು ಹಿಡಿದು ಮೆಲ್ಲನೆ ಎಳೆದರು. ನಾಲ್ಕು ಪದರಗಳೂ ನಾಲ್ಕು ದಿಕ್ಕಿಗೆ ಸರಿದವು. ಅಂದಿನ ಬೆಳಗಿನ ಕೆಲಸವನ್ನೆಲ್ಲ ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ತೇಪೆಗಳನ್ನು ಕತ್ತರಿಸುವಾಗ ಸುತ್ತಲೂ ಕಾಲಂಗುಲ ಹೆಚ್ಚಾಗಿ ಬಿಟ್ಟು, ಹರಿದ ಅಂಚು ಕಾಣದಂತೆ ಒಳಕ್ಕೆ ಮಡಿಸಿ ಇಡಬೇಕು. ಮಡಿಸದೆ ಇಟ್ಟರೆ ಎಳೆಗಳು ಬಿಚ್ಚಿಕೊಂಡು ತೇಪೆ ಬಿದ್ದೇಹೋಗುತ್ತದೆ. ಚೌಕ ಮತ್ತು ಉದ್ದಚೌಕದ ತೇಪೆಗಳು ಹೊಸಬರಿಗೆ ಸುಲಭ. ಪಕ್ಕದ ತೇಪೆಯ ಅಂಚಿನ ಮೇಲೆ ಅರ್ಧ ಅಂಗುಲ ಏರಿಸಿ ಇಟ್ಟರೆ ನಡುವೆ ಬಾಯಿಬಿಡುವುದಿಲ್ಲ.

ಹೊಲಿಗೆ

ಗೋಣಿಚೀಲ ಹೊಲಿಯುವ ದಬ್ಬಣವನ್ನು ಈ ಕೆಲಸಕ್ಕೆ ತರಬಾರದು. ಅದು ಸವೆದ ಅರಿವೆಯಲ್ಲಿ ತೂತು ಮಾಡುತ್ತದೆ. ಉದ್ದವಾದ, ತುಸು ದಪ್ಪನೆಯ ಕೈಸೂಜಿ ಸಾಕು. ನಡುಬೆರಳಿಗೆ ಅಂಗುಸ್ತಾನವನ್ನು ಧರಿಸಲೇಬೇಕು. ಅದಿಲ್ಲದೆ ಶೂರತ್ವ ತೋರಿದ ನನ್ನ ಬೆರಳು ಮೂರನೆಯ ದಿನಕ್ಕೆ ಸೀಮೆಸುಣ್ಣ ಹಿಡಿಯಲಾರದಂತಾಗಿತ್ತು. ದಾರವು ನೂಲಿನದಾಗಿರಬೇಕು, ಎರಡೆಳೆಯಾಗಿರಬೇಕು. ಮೂರು ಮೊಳ ಕತ್ತರಿಸಿ ಸೂಜಿಗೆ ಪೋಣಿಸಿ ಎರಡಾಗಿ ಮಡಿಸಿದರೆ ಒಂದೂವರೆ ಮೊಳ ನಿಲ್ಲುತ್ತದೆ. ಅದಕ್ಕಿಂತ ಉದ್ದವಾದರೆ ಸಿಕ್ಕುಬೀಳುತ್ತದೆ, ಅರಿವೆಯೊಳಗಿಂದ ಮತ್ತೆ ಮತ್ತೆ ಹಾದು ತೇಯುತ್ತದೆ. ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ದಾರ ನಯವಾಗುತ್ತದೆ. ಗಂಟನ್ನು ಮೇಲೆ ಬಿಡದೆ ಪದರಗಳ ನಡುವೆ ಅಡಗಿಸಬೇಕು.

ಹೊಲಿಗೆ ಸರಳವಾದ ಸಾಲುಹೊಲಿಗೆಯೇ. ಬಲಗೈ ಸೂಜಿಯನ್ನು ಇಳಿಸುವಾಗ ಎಡಗೈ ಕೆಳಗಿದ್ದು, ಸೂಜಿಯ ಮೊನೆ ತಳಪದರವನ್ನು ದಾಟಿದುದನ್ನು ಬೆರಳಿನಿಂದ ಅರಿತುಕೊಳ್ಳಬೇಕು. ಮೇಲಿನ ಪದರದಲ್ಲಿ ಮಾತ್ರ ಓಡಿದ ಹೊಲಿಗೆ ಹೊಲಿಗೆಯೇ ಅಲ್ಲ. ಮೂರು ನಾಲ್ಕು ಹೊಲಿಗೆಗಳನ್ನು ಸೂಜಿಯ ಮೇಲೆ ಏರಿಸಿಕೊಂಡು ಒಟ್ಟಿಗೆ ದಾರವನ್ನೆಳೆಯಬೇಕು. ಅಂಗುಲಕ್ಕೆ ಮೂರು ಹೊಲಿಗೆ, ಸಾಲಿನಿಂದ ಸಾಲಿಗೆ ಒಂದು ಅಂಗುಲ. ಹೊಸಬರಿಗೆ ಇದು ತಕ್ಕ ಲೆಕ್ಕ. ಹೊಲಿಗೆಗಳು ಸಣ್ಣವಾಗಿರಬೇಕೆಂಬ ಹಟಕ್ಕಿಂತ ಒಂದೇ ಸಮನಾಗಿರಬೇಕೆಂಬ ಗಮನ ಮುಖ್ಯ.

ಅಂಚಿನಿಂದ ಆರಂಭಿಸಿ, ಒಂದು ಸುತ್ತು ಮುಗಿದ ಕೂಡಲೆ ಅಂಗುಲದಷ್ಟು ಒಳಸರಿದು ಮುಂದಿನ ಸುತ್ತನ್ನು ಹಿಡಿಯುತ್ತ, ಕೊನೆಗೆ ನಡುವನ್ನು ಮುಟ್ಟುವುದು ಕೌದಿಯ ಪದ್ಧತಿ. ಇದರಲ್ಲಿ ಒಂದು ಅಪಾಯವುಂಟು. ಸುತ್ತುಗಳು ಒಳಸರಿದಂತೆ ಸಡಿಲವಾದ ಅರಿವೆಯೂ ಒಳಕ್ಕೆ ತಳ್ಳಲ್ಪಟ್ಟು ನಡುವೆ ಉಬ್ಬು ನಿಲ್ಲಬಹುದು. ಆದುದರಿಂದಲೇ ಮೊದಲು ಕಚ್ಚಾ ಹೊಲಿಗೆಯ ಕಟ್ಟುಪಾಡು. ಎರಡೆರಡು ಸುತ್ತಿಗೊಮ್ಮೆ ಕೌದಿಯನ್ನು ನೆಲಕ್ಕೆ ಹಾಸಿ ಸವರಿ ನೋಡುವುದು ಕ್ಷೇಮ.

ನಾನು ಮಾಡಿದ ದೊಡ್ಡ ತಪ್ಪು ದಾರವನ್ನು ಬಿಗಿಯಾಗಿ ಎಳೆದುದು. ಬಿಗಿ ಇದ್ದಷ್ಟೂ ಬಾಳಿಕೆ ಹೆಚ್ಚೆಂದು ನನ್ನ ತಿಳಿವಳಿಕೆ. ಅಕ್ಕ ನೋಡಿ ಹೇಳಿದರು: "ದಾರ ಜಗ್ಗಬ್ಯಾಡೋ ತಮ್ಮಾ, ಅರಿವಿ ಉಸಿರಾಡಬೇಕು." ಇದು ಬರಿಯ ಮಾತಿನ ಚಮತ್ಕಾರವಲ್ಲ. ಕೌದಿಯ ಬೆಚ್ಚನೆಯ ಗುಣ ಅರಿವೆಯಲ್ಲಿ ಎಷ್ಟಿದೆಯೋ ಪದರಗಳ ನಡುವೆ ನಿಂತ ಗಾಳಿಯಲ್ಲಿಯೂ ಅಷ್ಟೇ ಇದೆ. ಚಲಿಸದೆ ನಿಂತ ಗಾಳಿ ಮೈಯ ಕಾವನ್ನು ಬೇಗ ಹೊರಬಿಡುವುದಿಲ್ಲ. ಹೊಲಿಗೆಯನ್ನು ಅತಿಯಾಗಿ ಬಿಗಿದರೆ ಪದರಗಳು ಒಂದಕ್ಕೊಂದು ಒತ್ತಿ ಆ ಗಾಳಿಗೆ ಎಡೆಯಿಲ್ಲದಂತಾಗುತ್ತದೆ. ಸಡಿಲ ಬಿಟ್ಟರೆ ಪದರಗಳು ಸರಿದು ಮುದ್ದೆಯಾಗುತ್ತವೆ. ಹಿಡಿದಿಡಬೇಕು, ಆದರೆ ಹಿಸುಕಬಾರದು. ಮೂವತ್ತು ವರ್ಷಗಳ ಅಧ್ಯಾಪನವೃತ್ತಿಯಲ್ಲಿ ನಾನು ಕೇಳಿದ ಶಿಕ್ಷಣತತ್ತ್ವಗಳಲ್ಲಿ ಇದಕ್ಕಿಂತ ಮಿಗಿಲಾದುದು ಹೆಚ್ಚಿಲ್ಲ.

ಶ್ರಮದ ಲೆಕ್ಕವನ್ನೂ ಕೊಡುತ್ತೇನೆ. 36ಕ್ಕೆ 54 ಅಂಗುಲದ ಕೌದಿಯಲ್ಲಿ ಅಂಗುಲಕ್ಕೊಂದು ಸಾಲು ಹಿಡಿದರೆ ಹೊಲಿಗೆಯ ಒಟ್ಟು ಉದ್ದ ಸುಮಾರು 1,944 ಅಂಗುಲ, ಎಂದರೆ 54 ಗಜ. ಹೊಲಿಗೆಗಳು 5,800ರ ಆಸುಪಾಸು. ಸೂಜಿಗೆ ದಾರ ಪೋಣಿಸುವ ಪ್ರಸಂಗ ಹತ್ತಿರ ಹತ್ತಿರ ನೂರು; ನೂಲು 150 ಗಜದಷ್ಟು. ದಿನಕ್ಕೆ ಒಂದು ತಾಸಿನಂತೆ ನನಗೆ 40 ದಿನಗಳು ಹಿಡಿದವು. ಕೈ ಪಳಗಿದವರಿಗೆ ಇದರ ಕಾಲುಭಾಗವೂ ಬೇಡ.

ಅಂಚು, ಮೂಲೆ, ನಡು

ತಳಪದರದಲ್ಲಿ ಸುತ್ತಲೂ ಹೆಚ್ಚಾಗಿ ಬಿಟ್ಟಿದ್ದ ಎರಡು ಅಂಗುಲವನ್ನು ಇಮ್ಮಡಿಯಾಗಿ ಮಡಿಸಿ ಮೇಲಿನ ಪದರದ ಮೇಲೆ ತಂದು ಹೊಲಿದರೆ ಅಂಚಾಯಿತು. ಇದನ್ನು ಮೊದಲ ಸುತ್ತಿನಲ್ಲಿಯೇ ಮುಗಿಸಬೇಕು. ಮೂಲೆಯಲ್ಲಿ ಅರಿವೆ ದಪ್ಪವಾಗುವುದರಿಂದ ಮೊದಲು ತುದಿಯನ್ನು ಓರೆಯಾಗಿ ಒಳಮಡಿಸಿ, ಅನಂತರ ಎರಡು ಬದಿಗಳನ್ನು ಅದರ ಮೇಲೆ ತರಬೇಕು. ಕೌದಿ ಮೊದಲು ಹರಿಯುವುದು ಮೂಲೆಯಲ್ಲಿ, ಏಕೆಂದರೆ ಎಲ್ಲರೂ ಹಿಡಿದೆಳೆಯುವುದು ಅಲ್ಲಿಯೇ. ಆದುದರಿಂದ ಮೂಲೆಗೆ ಎರಡು ಸಲ ಹೊಲಿಗೆ.

ನಡುವಿನಲ್ಲಿ ಕೊನೆಗೆ ಅಂಗೈಯಗಲದ ಎಡೆ ಉಳಿಯುತ್ತದೆ. ಅಲ್ಲಿಗೆ ಕೆಂಪು ಸೆರಗಿನ ಚೌಕವನ್ನಿಟ್ಟೆವು. ಮೂರು ಬದಿ ಹೊಲಿದ ಮೇಲೆ ಅಕ್ಕ ನನ್ನನ್ನು ತಡೆದು, ಒಳಗೆ ಹೋಗಿ ನಾಲ್ಕು ಜೋಳದ ಕಾಳುಗಳನ್ನು ತಂದು ಆ ಚೌಕದ ಅಡಿಗೆ ಸೇರಿಸಿದರು. ನಮ್ಮ ತಾಯಿಯವರು ಹೀಗೆಯೇ ಮಾಡುತ್ತಿದ್ದರಂತೆ. "ಕೌದಿ ಹೊಟ್ಟಿ ಬರಿದಿರಬಾರದು" ಎಂದಷ್ಟೇ ಹೇಳಿದರು. ಒಗೆಯುವ ಅರಿವೆಯೊಳಗೆ ಕಾಳಿಟ್ಟರೆ ಕೊಳೆಯದೆ ಎಂಬ ತರ್ಕ ನನ್ನ ನಾಲಗೆಯ ತುದಿಗೆ ಬಂದಿತ್ತು, ಆಡಲಿಲ್ಲ.

ಬಳಕೆ ಮತ್ತು ಒಗೆತ

ತಣ್ಣೀರಿನಲ್ಲಿ ಅಂಟುವಾಳದ ನೊರೆಯನ್ನಾಗಲಿ ಸೌಮ್ಯವಾದ ಸಾಬೂನನ್ನಾಗಲಿ ಬಳಸಿ ಕೈಯಿಂದ ಒತ್ತಿ ಒಗೆಯಬೇಕು, ಹಿಂಡಬಾರದು. ನೀರು ಕುಡಿದ ಕೌದಿಯ ಭಾರ ಬಹಳ. ಒಂದೇ ಹಗ್ಗಕ್ಕೆ ಜೋತುಬಿಟ್ಟರೆ ಆ ಗೆರೆಯಲ್ಲಿ ಹೊಲಿಗೆ ಹರಿಯುತ್ತದೆ. ಎರಡು ಮೂರು ಹಗ್ಗಗಳ ಮೇಲೆ ಅಗಲವಾಗಿ ಹರಡಿ, ಎರಡೂ ಮಗ್ಗುಲು ಬಿಸಿಲು ಕಾಣುವಂತೆ ತಿರುವಿಹಾಕಬೇಕು. ಒಳಗೆ ತೇವ ಉಳಿದರೆ ಮುಗ್ಗುವಾಸನೆ ಬರುತ್ತದೆ. ಇನ್ನೊಂದು ಎಚ್ಚರಿಕೆಯ ಮಾತು. ವರ್ಷ ತುಂಬದ ಕೂಸು ಮಲಗಿರುವಾಗ ಅದರ ಮೇಲೆ ಇಂತಹ ಹೊದಿಕೆಯನ್ನು ಬಿಡಬಾರದು. ಮುಖದ ಮೇಲೆ ಸರಿದು ಉಸಿರು ಕಟ್ಟುವ ಭಯವಿದೆಯೆಂದು ವೈದ್ಯರು ಹೇಳುತ್ತಾರೆ. ಕೌದಿಯು ತಾನೇ ಹೊದೆದು ತಾನೇ ತೆಗೆಯಬಲ್ಲ ಮಗುವಿಗೆ ಯೋಗ್ಯವಾದುದು.

ಮೊದಲ ಒಗೆತದಲ್ಲಿ ನನ್ನ ಉದಾಸೀನದ ಫಲ ಕಾಣಿಸಿಕೊಂಡಿತು. ಕೆಂಪು ಚೌಕವು ಬಣ್ಣ ಬಿಟ್ಟು ಪಕ್ಕದ ಬಿಳಿಯ ತೇಪೆಯೆಲ್ಲ ನಸುಗೆಂಪಾಯಿತು. ಆ ಬಿಳಿಯ ತೇಪೆ ನಮ್ಮ ತಂದೆಯವರ ಧೋತರದ್ದು. ಬಿಚ್ಚಿ ಬೇರೆ ಹಾಕುವೆನೆಂದು ನಾನು ಕತ್ತರಿ ತಂದೆ. ಅಕ್ಕ ಕತ್ತರಿಯನ್ನು ಕೈಯಿಂದ ತೆಗೆದುಕೊಂಡು, "ಬಿಚ್ಚಬ್ಯಾಡ. ಅವ್ವನ ಸೆರಗು ಅಪ್ಪನ ಧೋತರಕ್ಕ ಬಣ್ಣ ಹಚ್ಚೈತಿ, ಇರ್ಲಿ ಬಿಡು" ಎಂದರು. ಆ ಕಲೆ ಇಂದಿಗೂ ಹಾಗೆಯೇ ಇದೆ.

ಒಂದು ಋಣ

ಇನ್ನು ಆರಂಭದಲ್ಲಿ ಸೂಚಿಸಿದ ಋಣದ ಮಾತು. 1997ರಲ್ಲಿ ನಾನು ಅಧ್ಯಾಪಕನಾಗಿ ಮೂರು ವರ್ಷವಾಗಿತ್ತು. ಉಚಿತ ಪ್ರಸಾದ ನಿಲಯದ ಮೇಲ್ವಿಚಾರಣೆಯೂ ನನ್ನ ಪಾಲಿಗೆ ಬಂದಿತ್ತು. ಅತಿಥಿಗಳು ಬರುವವರಿದ್ದರು. ಮಕ್ಕಳಿಗೆಲ್ಲ ಹೊಸ ಜಮಖಾನೆ, ಹೊಸ ಹೊದಿಕೆ ಹಂಚಿಯಾಗಿತ್ತು. ಹಳೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹೊರಗೆ ಹಾಕಿಸಬೇಕೆಂದು ಅಪ್ಪಣೆ ಮಾಡಿದವನು ನಾನು. ಬೇರೆ ಯಾರೂ ಹಾಗೆ ಹೇಳಿರಲಿಲ್ಲ. ಆರನೆಯ ತರಗತಿಯ ಒಬ್ಬ ಹುಡುಗ ಹರಿದ ಕೌದಿಯೊಂದನ್ನು ಮಡಿಸಿ ಎದೆಗವಚಿಕೊಂಡು ನಿಂತಿದ್ದ. "ಸರ, ಇದು ನಮ್ಮವ್ವಂದ್ರೀ" ಎಂದ. "ಹೊಸದು ಕೊಟ್ಟಿದ್ದೇವಲ್ಲ, ಅದನ್ನು ಹಾಕು" ಎಂದೆ. ಹಾಕಿದ. ಮತ್ತೆ ಮಾತಾಡಲಿಲ್ಲ.

ಆ ರಾತ್ರಿ ಸುತ್ತುಹಾಕುವಾಗ ನೋಡಿದರೆ ಹೊಸ ಹೊದಿಕೆಯನ್ನು ಮಡಿಸಿ ಬದಿಗಿಟ್ಟು ಹಾಗೆಯೇ ಮಲಗಿದ್ದ. ಮರುದಿನ ದಾಖಲೆಯ ಪುಸ್ತಕವನ್ನು ತೆಗೆದು ನೋಡಿದೆ. ಹಿಂದಿನ ವರ್ಷವೇ ತಾಯಿಯನ್ನು ಕಳೆದುಕೊಂಡ ಹುಡುಗ ಅವನು. ಕಸದ ಗಾಡಿ ಬೆಳಗ್ಗೆಯೇ ಹೋಗಿತ್ತು. ಊರ ಹೊರಗಿನ ಗುಂಡಿಯ ತನಕ ಹೋಗಿ ಹುಡುಕಿದೆ. ಸಿಗಲಿಲ್ಲ. ಆ ವಿದ್ಯಾರ್ಥಿ ಹತ್ತನೆಯ ತರಗತಿಯನ್ನು ಒಳ್ಳೆಯ ಅಂಕಗಳಿಂದ ಮುಗಿಸಿ ಹೋದ. ಐದು ವರ್ಷಗಳಲ್ಲಿ ಒಮ್ಮೆಯೂ ಅವನು ಆ ಮಾತನ್ನೆತ್ತಲಿಲ್ಲ. ಒಮ್ಮೆಯೂ ನಾನು ಕ್ಷಮೆ ಕೇಳಲಿಲ್ಲ.

ನಾನು ಹರಿದ ಹಳೆಯ ಬಟ್ಟೆಯೊಂದನ್ನು ಹಾಕಿಸಿದೆನೆಂದು ಬಹುಕಾಲ ಸಮಾಧಾನ ಹೇಳಿಕೊಂಡಿದ್ದೆ. ನನ್ನ ತಾಯಿಯ ಸೀರೆಗೆ ನಾನೇ ಸೂಜಿ ಚುಚ್ಚಿದ 40 ದಿನಗಳಲ್ಲಿ ಆ ಸಮಾಧಾನ ಉಳಿಯಲಿಲ್ಲ. ನನ್ನ ಚಿಕ್ಕ ಕೌದಿಗೆ 5,800 ಹೊಲಿಗೆಗಳಾದರೆ ಆ ದೊಡ್ಡ ಕೌದಿಗೆ ಎಷ್ಟು ಸಾವಿರವೋ! ಅಷ್ಟನ್ನೂ ಒಬ್ಬ ತಾಯಿ ತನ್ನ ಹೊಲಮನೆಯ ದುಡಿತ ಮುಗಿದ ಮೇಲೆ, ಮಗನು ಓದಲು ಹೋಗುವ ಊರಿನ ಚಳಿಯನ್ನು ನೆನೆದು ಹಾಕಿರಬೇಕು.

ಹೊಸ ಹೊದಿಕೆಗಳ ದಾನ ಬೇಡವೆಂದು ನಾನು ಹೇಳುತ್ತಿಲ್ಲ. ದಾನಿಗಳ ಔದಾರ್ಯದಿಂದಲೇ ನೂರಾರು ಮಕ್ಕಳು ಚಳಿಯಿಂದ ಪಾರಾಗಿದ್ದಾರೆ. ನನ್ನ ಬಿನ್ನಹ ಮೂರು. ಮನೆಯಿಂದ ಮಗು ತಂದ ಕೌದಿಯನ್ನು ಒಗೆಯಿಸಿ, ಬಿಸಿಲಿಗೆ ಹಾಕಿಸಿ, ಹರಿದಿದ್ದರೆ ತೇಪೆ ಹಾಕಿಸಿ ಅದರ ಹಾಸಿಗೆಯ ಮೇಲೆಯೇ ಇರಿಸಲು ನಿಲಯಗಳ ಮೇಲ್ವಿಚಾರಕರು ಅನುವು ಮಾಡಿಕೊಡಲಿ. ಶನಿವಾರದ ಕೈಗೆಲಸದ ಅವಧಿಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲ ಮಕ್ಕಳ ಕೈಗೂ ಸೂಜಿ ಬರಲಿ. ಸೂಜಿಯನ್ನೇ ಕಾಯಕವಾಗಿ ಹಿಡಿದು ಶರಣರ ಸಾಲಿನಲ್ಲಿ ನಿಂತ ಸೂಜಿಕಾಯಕದ ರಾಮಿತಂದೆಯ ಹೆಸರನ್ನು ಬಲ್ಲ ಸಂಸ್ಥೆಗೆ ಇದು ಹೊಸ ಮಾತಲ್ಲ. ಮೂರನೆಯದಾಗಿ, ಹಳೆಯ ವಿದ್ಯಾರ್ಥಿಗಳು ಸಮಾರಂಭಕ್ಕೆ ಬರುವಾಗ ತಮ್ಮ ಮನೆಯ ಹಿರಿಯರು ಉಟ್ಟ ಒಂದು ಹತ್ತಿಯ ಸೀರೆಯನ್ನೋ ಧೋತರವನ್ನೋ ಒಗೆದು ಮಡಿಸಿ ತರಲಿ. ಮಕ್ಕಳು ಕಲಿಯಲು ಅದಕ್ಕಿಂತ ಒಳ್ಳೆಯ ಅರಿವೆ ಅಂಗಡಿಯಲ್ಲಿ ಸಿಗದು.

ನನ್ನ ಎರಡನೆಯ ಕೌದಿ ಈಗ ಕೈಯಲ್ಲಿದೆ. ಇದು ಮೂರು ಮೊಳ ಅಗಲ, ನಾಲ್ಕೂವರೆ ಮೊಳ ಉದ್ದ, ದೊಡ್ಡವರ ಅಳತೆಯದು. ಇದರಲ್ಲಿ ನನ್ನ ತಾಯಿಯ ಉಳಿದ ಸೀರೆಗಳಿವೆ. ಕಳೆದುಹೋದ ಸೀರೆಗೆ ಇದು ಸಾಟಿಯಲ್ಲವೆಂದು ನಾನು ಬಲ್ಲೆ. 1997ರಲ್ಲಿ ಆರನೆಯ ತರಗತಿಯಲ್ಲಿದ್ದ ಆ ಹಳೆಯ ವಿದ್ಯಾರ್ಥಿಯ ಕೈಗೆ ಈ ಸಂಚಿಕೆ ಸೇರಿದರೆ, ಅವರು ಮನ್ನಿಸಿ ಒಮ್ಮೆ ನಮ್ಮ ಮನೆಯ ಕಡೆ ಬರಬೇಕೆಂದು ಪ್ರಾರ್ಥನೆ. ಹೊಲಿಗೆ ನಡುವಿನ ತನಕ ಬಂದಿದೆ. ಅಂಗೈಯಗಲದ ಎಡೆಯನ್ನು ಹಾಗೆಯೇ ಬಿಟ್ಟಿದ್ದೇನೆ.